ದೊಡ್ಡವನು ಹೀಗಿರಲಿಲ್ಲ

ಮಂಡ್ಯ ಸೀಮೆಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುರುವಾರ ಬೆಳಿಗ್ಗೆ ಹೋಗಿ ನೋಡಿ. ಲಸಿಕೆ ಹಾಕಿಸಲು ಬಂದ ತಾಯಂದಿರು ಜಗಲಿ ತುಂಬ ಕೂತಿರುತ್ತಾರೆ. "ನಿಮ್ದುಕ್ಕೆ ಎಷ್ಟು ತಿಂಗ್ಳಕ್ಕ?" ಎಂದು ಮಾತು ಶುರುವಾಗುತ್ತದೆ. ಆಮೇಲೆ ಅದು ಹಿಡಿಯುವ ದಾರಿ ಒಂದೇ. "ನಮ್ ದೊಡ್ಡೋನು ಹತ್ತು ತಿಂಗ್ಳಿಗೇ ನಡ್ದುಬುಟ್ಟಿದ್ದ ಕಣಕ್ಕ. ಇವ್ಳು ನೋಡು, ವರ್ಷ ತುಂಬುದ್ರೂ ಕೈ ಬುಡಾಕಿಲ್ಲ." ಮೈಸೂರಿನ ಕುವೆಂಪುನಗರದ ಪಾರ್ಕಿನಲ್ಲಿ ಸಂಜೆ ಹೊತ್ತು ಕೂತರೂ ಇದೇ ಮಾತು ಕೇಳುತ್ತದೆ, ಮಧ್ಯೆ ನಾಲ್ಕು ಇಂಗ್ಲಿಷ್ ಪದ ಸೇರಿಕೊಂಡಿರುತ್ತವೆ ಅಷ್ಟೇ.

ಮಕ್ಕಳನ್ನು ಹೋಲಿಸಬೇಡಿ ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಹೋಲಿಸದೆ ಮಗು ಸರಿಯಾಗಿ ಬೆಳೆಯುತ್ತಿದೆಯಾ ಎಂದು ತಿಳಿಯುವುದು ಹೇಗೆ? ಡಾಕ್ಟರು ಕೂಡ ಹೋಲಿಸಿಯೇ ಹೇಳುತ್ತಾರೆ. ಅವರು ಸಾವಿರಾರು ಮಕ್ಕಳ ಜೊತೆ ಹೋಲಿಸುತ್ತಾರೆ, ನಾವು ಒಂದೇ ಒಂದು ಮಗುವಿನ ಜೊತೆ. ಆ ಒಂದು ಮಗು ನಮ್ಮ ಮನೆಯದೇ ಆಗಿದ್ದರೆ ಅಳತೆ ಇನ್ನೂ ಕೆಡುತ್ತದೆ. ಅದು ಹೇಗೆ ಕೆಡುತ್ತದೆ ಎಂಬುದನ್ನು ವಿಜ್ಞಾನಿಗಳು ಸಾಕಷ್ಟು ಚೆನ್ನಾಗಿ ಕಂಡುಕೊಂಡಿದ್ದಾರೆ. ಅಪ್ಪ ಅಮ್ಮಂದಿರಿಗೆ ಆ ವಿಷಯ ತಲುಪಿದ್ದು ಮಾತ್ರ ಕಡಿಮೆ.

ಮೊದಲು ನಡಿಗೆಯನ್ನೇ ತಗೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ 816 ಆರೋಗ್ಯವಂತ ಮಕ್ಕಳ ಬೆಳವಣಿಗೆಯನ್ನು ಗಮನಿಸಿ, 2006ರಲ್ಲಿ ಲೆಕ್ಕ ಪ್ರಕಟಿಸಿತು. ಯಾರ ಆಸರೆಯೂ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಅಂದರೆ ಒಂಬತ್ತು ತಿಂಗಳಿಗೂ ಜಾಸ್ತಿ ಅಂತರ! ಹತ್ತು ತಿಂಗಳಿಗೆ ನಡೆದ ಅಣ್ಣನೂ ಹದಿನೈದಕ್ಕೆ ನಡೆದ ತಂಗಿಯೂ ಇದರೊಳಗೆ ಆರಾಮಾಗಿ ಬರುತ್ತಾರೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲಿಲ್ಲ. ಕೂತಲ್ಲೇ ಜಾರಿಕೊಂಡೋ, ಸೀದಾ ಎದ್ದು ನಿಂತೋ ಮುಂದಕ್ಕೆ ಹೋದರು. ಅವರಿಗೆ ಏನೂ ಆಗಲಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅಂತಾರೆ. ಬೇಗ ನಡೆದ ಮಗು ಚೂಟಿ ಎಂಬ ನಂಬಿಕೆ ಹುಟ್ಟಿದ್ದು ಇಂಥ ಮಾತಿನಿಂದಲೇ ಇರಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಇನ್ನೂರಕ್ಕೂ ಹೆಚ್ಚು ಆರೋಗ್ಯವಂತ ಮಕ್ಕಳು ಯಾವಾಗ ಕೂತರು, ಯಾವಾಗ ನಡೆದರು ಎಂದು ಬರೆದಿಟ್ಟುಕೊಂಡು, ಅವರು ದೊಡ್ಡವರಾಗುವವರೆಗೂ ಬುದ್ಧಿಶಕ್ತಿ ಮತ್ತು ಕೈಕಾಲಿನ ಚುರುಕನ್ನು ಅಳೆಯುತ್ತಾ ಹೋದರು. 2013ರಲ್ಲಿ ಫಲಿತಾಂಶ ಬಂತು. ನಡೆದ ವಯಸ್ಸಿಗೂ ಮುಂದಿನ ಬುದ್ಧಿಗೂ ನಂಟಿಲ್ಲ, ಮುಂದಿನ ಚುರುಕಿಗೂ ನಂಟಿಲ್ಲ.

ಅಷ್ಟೇ ಅಲ್ಲ, ಮಗುವನ್ನು ಹೇಗೆ ಆಡಿಸುತ್ತೇವೆ ಎಂಬುದರಿಂದಲೂ ಈ ತಿಂಗಳುಗಳು ಹಿಂದೆ ಮುಂದೆ ಆಗುತ್ತವೆ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಮಕ್ಕಳಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಅಭ್ಯಾಸ ಮಾಡಿಸುತ್ತಾರೆ. ಅವರ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂತು ನಡೆಯುತ್ತಿದ್ದುದನ್ನು ಚಾರ್ಲ್ಸ್ ಸೂಪರ್ ಎಂಬ ಸಂಶೋಧಕ 1976ರಲ್ಲಿ ಬರೆದರು. ಯಾರೂ ಕಲಿಸದ ಅಂಬೆಗಾಲು ಮಾತ್ರ ಅಲ್ಲಿ ಬೇಗ ಬರಲಿಲ್ಲ. ಈಗ ನಮ್ಮ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ಮೊದಲ ಬಾಣಂತನ ತವರಲ್ಲಿ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರು ಹಾಕಲು ಅಜ್ಜಿ, ಎತ್ತಿ ನಿಲ್ಲಿಸಿ ಆಡಿಸಲು ಚಿಕ್ಕಮ್ಮಂದಿರು. ಎರಡನೆಯದರ ಹೊತ್ತಿಗೆ ಅಜ್ಜಿಗೆ ಮಂಡಿನೋವು, ಅಮ್ಮನಿಗೆ ದೊಡ್ಡವನ ಸ್ಕೂಲಿನ ಡಬ್ಬಿ ಕಟ್ಟುವ ಅವಸರ. ಮನೆ ಅದೇ ಆದರೂ ಎರಡನೇ ಮಗು ಹುಟ್ಟಿದ್ದು ಬೇರೆಯದೇ ಮನೆಯಲ್ಲಿ, ಅಲ್ವಾ? ಇನ್ನು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಲೆಕ್ಕವೇ ಬೇರೆ. ಎರಡು ತಿಂಗಳು ಮೊದಲು ಹುಟ್ಟಿದ್ದರೆ, ಹತ್ತು ತಿಂಗಳಾದಾಗ ಅದನ್ನು ಎಂಟು ತಿಂಗಳ ಮಗುವಿನ ಹಾಗೇ ನೋಡಬೇಕು.

ಗುಣದ ವಿಷಯಕ್ಕೆ ಬಂದರೆ ಹೋಲಿಕೆ ಇನ್ನೂ ಜೋರು. ಒಂದೇ ತಾಯಿ ಮಕ್ಕಳು, ಒಬ್ಬ ಸಾಧು, ಇನ್ನೊಬ್ಬ ಮೊಂಡ. ಇದರಲ್ಲಿ ನಿಜ ಇಲ್ಲದೇ ಇಲ್ಲ. ವಂಶದ ಗುಣ ಹೊತ್ತು ತರುವ ತಂದೆಯ 23 ಜೋಡಿ ವರ್ಣತಂತುಗಳಲ್ಲಿ (ಕ್ರೋಮೋಸೋಮ್) ಪ್ರತಿ ಜೋಡಿಯಿಂದ ಒಂದು ಮಗುವಿಗೆ ಬರುತ್ತದೆ. ಯಾವುದು ಬರುತ್ತದೆ ಎಂಬುದು ಪ್ರತಿ ಮಗುವಿಗೂ ಹೊಸದಾಗಿ ತೀರ್ಮಾನವಾಗುತ್ತದೆ. ಹೀಗೆ ತಂದೆಯೊಬ್ಬನಿಂದಲೇ ಸುಮಾರು 84 ಲಕ್ಷ ಬಗೆ ಸಾಧ್ಯ. (ಹಿರಿಯರು ಹೇಳುವ ಎಂಬತ್ನಾಲ್ಕು ಲಕ್ಷ ಯೋನಿಗೂ ಇದಕ್ಕೂ ಸಂಬಂಧವಿಲ್ಲ, ಸಂಖ್ಯೆ ಹೊಂದಿಕೊಂಡಿದೆ ಅಷ್ಟೇ.) ತಾಯಿಯದೂ ಅಷ್ಟೇ. ಎರಡೂ ಸೇರಿದರೆ 70 ಲಕ್ಷ ಕೋಟಿ ದಾಟುತ್ತದೆ. ಹುಟ್ಟುಗುಣವೂ ಇದೆ. ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಬಣ್ಣದ ಆಟಿಕೆ ತೂಗಾಡಿಸಿ, ಹೊಸ ಸದ್ದು ಕೇಳಿಸಿ ನೋಡಿದರು. ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಐದರಲ್ಲಿ ಎರಡು ಸುಮ್ನೆ ನೋಡುತ್ತಾ ಮಲಗಿದ್ದವು. ಅತ್ತವರಲ್ಲಿ ಹೆಚ್ಚಿನವರು ಮುಂದೆ ಹೊಸಬರನ್ನು ಕಂಡರೆ ಹಿಂಜರಿದರು. ಎಲ್ಲರೂ ಅಲ್ಲ ಎಂಬುದನ್ನು ಗಮನಿಸಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಈ ಸಂಶೋಧನೆ ಅರ್ಧ ಮಾತ್ರ ಒಪ್ಪುತ್ತದೆ.

ವ್ಯತ್ಯಾಸ ಇದೆ, ಸರಿ. ಆದರೆ ನಾವು ಕಾಣುವಷ್ಟು ಇದೆಯಾ? ನನಗೆ ಇಡೀ ವಿಷಯದಲ್ಲಿ ತುಂಬ ಮುಖ್ಯ ಅನ್ನಿಸಿದ್ದು ಇದೇ ಪ್ರಶ್ನೆ. ಬಾಸ್ಟನ್ ವಿಶ್ವವಿದ್ಯಾಲಯದ ಕಿಂಬರ್ಲಿ ಸೌಡಿನೋ ಇದರ ಬೆನ್ನು ಹತ್ತಿದರು. ವಾಚಿನಂಥ ಪುಟ್ಟ ಉಪಕರಣವೊಂದಿದೆ. ಮಗುವಿನ ಕೈಕಾಲಿಗೆ ಕಟ್ಟಿದರೆ ಅದು ಎಷ್ಟು ಓಡಾಡಿತು ಎಂದು ಅಳೆಯುತ್ತದೆ. ಅಣ್ಣ ತಮ್ಮಂದಿರ, ಅವಳಿಗಳ ಬಗ್ಗೆ ತಂದೆ ತಾಯಿಯನ್ನು ಕೇಳಿದರೆ, "ಇವನು ಒಂದು ಕಡೆ ಕೂರಲ್ಲ, ಅವನು ಇಟ್ಟ ಕಡೆ ಇರ್ತಾನೆ" ಎಂಬಂಥ ಉತ್ತರ ಬರುತ್ತಿತ್ತು. ಆ ಮಾತನ್ನೇ ನಂಬಿದರೆ ಒಡಹುಟ್ಟಿದವರಲ್ಲಿ ಹೋಲಿಕೆಯೇ ಇಲ್ಲ ಅನ್ನಬೇಕು. ಉಪಕರಣದ ಲೆಕ್ಕ ಹಾಗೆ ಹೇಳಲಿಲ್ಲ. ಒಡಹುಟ್ಟಿದವರು ಓಡಾಟದಲ್ಲಿ ಸಾಕಷ್ಟು ಒಂದೇ ತರ ಇದ್ದರು. ಹೊರಗಿನವರು ಕೂತು ಗಮನಿಸಿದಾಗಲೂ ಹಾಗೇ ಕಂಡಿತು. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಪ್ಪ ಅಮ್ಮನ ಕಣ್ಣಲ್ಲಿ ಮಾತ್ರ ಸಣ್ಣ ವ್ಯತ್ಯಾಸ ಬೆಳೆದು ದೊಡ್ಡದಾಗುತ್ತದೆ. ಸ್ವಲ್ಪ ಚಟುವಟಿಕೆ ಜಾಸ್ತಿ ಇರುವ ಮಗು 'ತುಂಟ' ಆಗುತ್ತದೆ. ಅದರ ಪಕ್ಕದಲ್ಲಿರುವ ಸಾಮಾನ್ಯ ಮಗು 'ಮಂಕು' ಆಗುತ್ತದೆ. ಅದೇ ಮಂಕು ಮಗುವನ್ನು ಅಂಗನವಾಡಿಗೆ ಬಿಟ್ಟರೆ, ಟೀಚರ್ ಪಾಲಿಗೆ ಅದು ಎಲ್ಲರ ಹಾಗೇ ಒಂದು ಮಗು.

ಮನೆಗೆ ನೆಂಟರು ಬಂದಾಗ ಏನಾಗುತ್ತದೆ ನೋಡಿ. ದೊಡ್ಡವನು ಓಡಿ ಹೋಗಿ ತನ್ನ ಕಾರು, ಬಸ್ಸು ಎಲ್ಲ ತಂದು ಸುರಿಯುತ್ತಾನೆ. ಚಿಕ್ಕವನು ಅಮ್ಮನ ಸೆರಗು ಹಿಡಿದು ಹಿಂದೆ ನಿಲ್ಲುತ್ತಾನೆ. ಬಾಯಲ್ಲಿ ಬೆರಳು, ಕಣ್ಣು ಮಾವನ ವಾಚಿನ ಮೇಲೆ. "ಇವ್ನು ಹಿಂಗೇ, ಯಾರ ಹತ್ರಾನೂ ಹೋಗಲ್ಲ" ಎಂದು ಅಮ್ಮ ಹೇಳಿ ಆಗಿರುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಅವನು ಮೆಲ್ಲಗೆ ಸೆರಗು ಬಿಟ್ಟು, ಗೋಡೆ ಸವರಿಕೊಂಡು ಬಂದು, ಚಕ್ರ ಮುರಿದ ಒಂದು ಲಾರಿಯನ್ನು ಮಾವನ ತೊಡೆಯ ಮೇಲೆ ಇಡುತ್ತಾನೆ. ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನ್ಯೂಯಾರ್ಕಿನಲ್ಲಿ 1956ರಿಂದ ಮಕ್ಕಳ ಸ್ವಭಾವವನ್ನು ವರ್ಷಗಟ್ಟಲೆ ಗಮನಿಸಿದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ಇಂಥ ಮಕ್ಕಳನ್ನೇ ಒಂದು ಗುಂಪಾಗಿ ಗುರುತಿಸಿದ್ದರು. ನೂರಕ್ಕೆ 15 ಮಕ್ಕಳು ನಿಧಾನವಾಗಿ ಹೊಂದಿಕೊಳ್ಳುವವರು. ಅವರಿಗೆ ಬೇಕಾದದ್ದು ಸಮಯ. ಎಳೆದು ತಂದು "ಮಾವಂಗೆ ಹಾಯ್ ಹೇಳು" ಎಂದು ನಿಲ್ಲಿಸಿದರೆ ಮತ್ತೆ ಸೆರಗಿನ ಹಿಂದಕ್ಕೇ ಹೋಗುತ್ತಾರೆ.

ಇಂಥ ಹಣೆಪಟ್ಟಿ ಸುಮ್ಮನೆ ಇರುವುದಿಲ್ಲ, ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಅಲೆಕ್ಸಾಂಡರ್ ಜೆನ್ಸನ್ ಮತ್ತು ಸೂಸನ್ ಮೆಕ್‌ಹೇಲ್ 388 ಕುಟುಂಬಗಳಲ್ಲಿ ಹದಿಹರೆಯದ ಮೊದಲ ಮತ್ತು ಎರಡನೇ ಮಕ್ಕಳನ್ನು ಗಮನಿಸಿದರು. "ಇಬ್ಬರಲ್ಲಿ ಓದಿನಲ್ಲಿ ಯಾರು ಜಾಣರು?" ಎಂದು ತಂದೆ ತಾಯಿಯನ್ನು ಕೇಳಿದರು. ಹೆಚ್ಚಿನವರು ದೊಡ್ಡ ಮಗುವಿನ ಹೆಸರು ಹೇಳಿದರು, ಅಂಕಗಳಲ್ಲಿ ಅಂಥ ವ್ಯತ್ಯಾಸ ಇಲ್ಲದಿದ್ದರೂ. ಮುಂದೆ ಆದದ್ದೇನು ಗೊತ್ತಾ? ಜಾಣ ಅನ್ನಿಸಿಕೊಂಡ ಮಗು ಬರುಬರುತ್ತಾ ಇನ್ನೊಂದಕ್ಕಿಂತ ಚೆನ್ನಾಗಿ ಓದತೊಡಗಿತು. ಹಿಂದಿನ ಅಂಕ ನೋಡಿ ತಂದೆ ತಾಯಿಯ ಅಭಿಪ್ರಾಯ ಬದಲಾಗಲಿಲ್ಲ, ಅವರ ಅಭಿಪ್ರಾಯದ ಹಿಂದೆ ಅಂಕಗಳು ಹೋದವು. 2015ರಲ್ಲಿ ಪ್ರಕಟವಾದ ಈ ಲೇಖನ ಓದಿದ ಮೇಲೆ, ಮಕ್ಕಳು ಅಲ್ಲೇ ಆಡುತ್ತಿರುವಾಗ "ಇವಳು ಸ್ವಲ್ಪ ಮೊದ್ದು" ಎಂದು ನೆಂಟರ ಮುಂದೆ ಹೇಳುವುದನ್ನು ಕೇಳಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಅದೇ ವರ್ಷ ಜರ್ಮನಿಯ ಸಂಶೋಧಕರು ಮೂರು ದೇಶಗಳ 20,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿ, ದೊಡ್ಡವರಿಗೆ ಜವಾಬ್ದಾರಿ ಜಾಸ್ತಿ, ಚಿಕ್ಕವರು ಸಲೀಸು ಎಂಬಂಥ ನಂಬಿಕೆಗೆ ಆಧಾರವಿಲ್ಲ ಎಂದರು. ಹುಟ್ಟಿದ ಕ್ರಮಕ್ಕೂ ಸ್ವಭಾವಕ್ಕೂ ಹೆಚ್ಚು ಕಡಿಮೆ ಸಂಬಂಧವೇ ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ತಲೆ ಕೆಡಿಸಿಕೊಳ್ಳುವುದೇ ಬೇಡ ಅಂದುಕೊಳ್ಳಬಾರದು. ಮನೆಯ ಹೋಲಿಕೆಯಿಂದ ಸುಳ್ಳು ಭಯ ಹುಟ್ಟುತ್ತದೆ. ಸುಳ್ಳು ಧೈರ್ಯವೂ ಹುಟ್ಟುತ್ತದೆ, ಅದೇ ಹೆಚ್ಚು ಅಪಾಯ. "ಅವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ." "ಗಂಡು ಮಕ್ಕಳು ಮಾತು ನಿಧಾನ ಕಣವ್ವ." ಹೆಣ್ಣು ಮಕ್ಕಳು ಮಾತಿನಲ್ಲಿ ಸ್ವಲ್ಪ ಮುಂದಿರುವುದು ನಿಜ, ಆದರೆ ಆ ಅಂತರ ಒಂದೆರಡು ತಿಂಗಳಿನದು, ವರ್ಷದ್ದಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚಿ ಕಾಯುವವರಿದ್ದಾರೆ. ನಾಲಿಗೆ ಅಡಿಯ ದಾರ ಕತ್ತರಿಸಿದರೆ ಮಾತು ಬರುತ್ತದೆ ಎನ್ನುವವರೂ ಇದ್ದಾರೆ. ಮಾತು ಬರಬೇಕಾದರೆ ಮೊದಲು ಕಿವಿ ಕೇಳಿಸಬೇಕು. ಕೇಳಿಸದ ಮಗುವಿಗೆ ಆ ಮೊದಲ ಎರಡು ಮೂರು ವರ್ಷಗಳು ಕಳೆದುಹೋದರೆ ಮತ್ತೆ ತುಂಬಿಕೊಳ್ಳುವುದು ಬಹಳ ಕಷ್ಟ.

ಅದಕ್ಕೇ ಕೆಲವು ಗೆರೆಗಳನ್ನು ನೆನಪಿಟ್ಟುಕೊಳ್ಳಬೇಕು. ವರ್ಷ ತುಂಬಿದರೂ 'ಬಾಬಾ', 'ದಾದಾ' ಎಂಬ ತೊದಲು ಇಲ್ಲ. ಹದಿನಾರು ತಿಂಗಳಾದರೂ ಒಂದು ಪದ ಇಲ್ಲ. ಎರಡು ವರ್ಷಕ್ಕೂ 'ಅಮ್ಮ ಬಾ' ಎಂಬಂತೆ ಎರಡು ಪದ ಕೂಡಿಸುವುದಿಲ್ಲ. ಹದಿನೆಂಟು ತಿಂಗಳಾದರೂ ನಡಿಗೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಂದಿದ್ದ ಮಾತು, ನಗು, ಕಣ್ಣಿಟ್ಟು ನೋಡುವುದು ನಿಂತುಹೋಗಿದೆ. ಇವುಗಳಲ್ಲಿ ಯಾವುದಿದ್ದರೂ ಅಣ್ಣನ ಕಥೆ, ಅಪ್ಪನ ಕಥೆ ಬದಿಗಿಟ್ಟು ಡಾಕ್ಟರಿಗೆ ತೋರಿಸಬೇಕು. ದೊಡ್ಡವನು ಯಾವ ತಿಂಗಳು ಏನು ಮಾಡಿದ ಎಂಬ ನೆನಪನ್ನೂ ಪೂರ್ತಿ ನಂಬಬೇಡಿ. ವರ್ಷ ಕಳೆದಂತೆ ತಂದೆ ತಾಯಿಗೆ ಆ ತಿಂಗಳುಗಳು ಹಿಂದು ಮುಂದಾಗಿ ನೆನಪಾಗುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ತಾಯಿ ಕಾರ್ಡಿನಲ್ಲಿ ಬರೆಸಿಡಿ. ಫೋನಿನಲ್ಲಿ ತಿಂಗಳಿಗೊಂದು ವಿಡಿಯೋ ಇದ್ದರೆ, ಹೋದ ತಿಂಗಳಿಗಿಂತ ಈ ತಿಂಗಳು ಮಗು ಏನು ಹೊಸದು ಮಾಡಿತು ಎಂದು ನೀವೂ ನೋಡಬಹುದು, ಡಾಕ್ಟರಿಗೂ ತೋರಿಸಬಹುದು.

ಮೈಸೂರು, ಮಂಡ್ಯದವರಿಗೆ ಈ ವಿಷಯದಲ್ಲಿ ದೇಶದ ಬಹುತೇಕ ಊರಿನವರಿಗಿಲ್ಲದ ಅನುಕೂಲವೊಂದಿದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾತು ಮತ್ತು ಕಿವಿಯ ತೊಂದರೆ ಪರೀಕ್ಷಿಸುವ ಕೆಲಸವನ್ನೇ ಮಾಡುತ್ತಿದೆ. ಮಗು ಚಿಕ್ಕದು, ಈಗಲೇ ಏನು ಪರೀಕ್ಷೆ ಎಂದು ಹಿಂಜರಿಯುವವರು ಜಾಸ್ತಿ. ಆದರೆ ಹುಟ್ಟಿ ಒಂದೆರಡು ದಿನದ ಕೂಸಿಗೂ ಕಿವಿ ಪರೀಕ್ಷೆ ಮಾಡಬಹುದು. ಕಿವಿಗೆ ಒಂದು ಮೆತ್ತನೆಯ ಬಿರಡೆ ಇಟ್ಟು ಸಣ್ಣ ಸದ್ದು ಬಿಡುತ್ತಾರೆ. ಒಳಕಿವಿ ಸರಿಯಿದ್ದರೆ ಅದು ತಾನೇ ಒಂದು ಅತಿ ಸಣ್ಣ ಸದ್ದನ್ನು ವಾಪಸ್ ಕಳಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಸೂಜಿ ಇಲ್ಲ, ನೋವಿಲ್ಲ, ಕೆಲವು ನಿಮಿಷದ ಕೆಲಸ. ಹಾಲು ಕುಡಿಸಿ ಮಲಗಿಸಿಕೊಂಡು ಹೋದರೆ ಇನ್ನೂ ಸುಲಭ, ಮಗು ನಿದ್ದೆಯಲ್ಲಿರುವಾಗಲೇ ಪರೀಕ್ಷೆ ಮುಗಿಯುತ್ತದೆ.