ಲ್ಯಾಪ್‌ಟಾಪ್ ಬಂತು, ಪಾಠ ಬದಲಾಯ್ತಾ? ದೇಶದ ಶಾಲೆಗಳಿಗೆ ತಂತ್ರಜ್ಞಾನ ತರುವ ಅಧ್ಯಾಯಕ್ಕೊಂದು ಟಿಪ್ಪಣಿ

ತಂತ್ರಜ್ಞಾನ ಆಧಾರಿತ ಬೋಧನೆ ಮತ್ತು ಕಲಿಕೆ ಅನ್ನೋ ಅಧ್ಯಾಯವನ್ನು ಪರೀಕ್ಷೆಗೆ ಓದುವ ಹೆಚ್ಚಿನವರು ಹಂತಗಳ ಪಟ್ಟಿಯಾಗಿ ಉರು ಹೊಡೆಯುತ್ತಾರೆ: ನೀತಿ, ಮೂಲಸೌಕರ್ಯ, ಡಿಜಿಟಲ್ ಪಠ್ಯ, ಶಿಕ್ಷಕರ ತರಬೇತಿ, ಮೌಲ್ಯಮಾಪನ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಇಡೀ ದೇಶಕ್ಕೆ ಇದನ್ನು ತಂದವರ ಅನುಭವ ನೋಡಿದರೆ ಯಂತ್ರ ಶಾಲೆಗೆ ಬರೋದು ಒಂದು ಕೆಲಸ, ಪಾಠ ಬದಲಾಗೋದು ಬೇರೆಯದೇ ಕೆಲಸ. ಮೊದಲನೆಯದು ದುಡ್ಡಿದ್ದರೆ ಆಗುತ್ತದೆ. ಎರಡನೆಯದು ದುಡ್ಡೊಂದರಿಂದ ಆಗಲ್ಲ. ಇಷ್ಟು ತಲೆಯಲ್ಲಿಟ್ಟುಕೊಂಡು ಓದಿದರೆ ಆ ಪಟ್ಟಿ ಉರು ಹೊಡೆಯದೆಯೂ ನೆನಪಿರುತ್ತದೆ.

ಮೊದಲು ಪೆರು. ಈ ಉದಾಹರಣೆಯನ್ನು ಎಲ್ಲರೂ ಅರ್ಧಂಬರ್ಧ ಹೇಳಿ ಬಿಡುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. 2008ರಿಂದ ಅಲ್ಲಿನ ಸರ್ಕಾರ 'ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್' ಯೋಜನೆಯಡಿ 8 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಂಚಿತು. ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು, ಯಂತ್ರ ಬಂದ ಶಾಲೆಗಳನ್ನೂ ಬಾರದ ಶಾಲೆಗಳನ್ನೂ ಹೋಲಿಸಿ 2012ರಲ್ಲಿ ವರದಿ ಕೊಟ್ಟರು. ಯಂತ್ರ ಬಂದ ಕಡೆ ಒಂದು ಮಗುವಿಗೆ 0.12 ಇದ್ದ ಕಂಪ್ಯೂಟರ್ ಪ್ರಮಾಣ 1.18ಕ್ಕೆ ಏರಿತ್ತು. ಅಂದರೆ ಮಕ್ಕಳಿಗಿಂತ ಕಂಪ್ಯೂಟರ್ ಜಾಸ್ತಿ! ಆದರೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಕೃತಿಗಳ ಕ್ರಮ ಗುರುತಿಸುವಂಥ ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತು. ಉತ್ತರ ಬರೆಯುವಾಗ ಈ ಕೊನೆಯ ಅಂಶ ಬಿಡಬೇಡಿ, 'ಯೋಜನೆ ಪೂರ್ತಿ ಸೋತಿತು' ಅಂತ ಬರೆದರೆ ಅದು ಸರಿಯಲ್ಲ.

ಹಾಗಾದರೆ ಮಕ್ಕಳು ಆ ಯಂತ್ರಗಳನ್ನು ಮುಟ್ಟಲೇ ಇಲ್ವಾ? ಮುಟ್ಟಿದರು, ಚೆನ್ನಾಗಿಯೇ ಬಳಸಿದರು. ಯಂತ್ರದೊಳಗೆ ದಾಖಲಾಗಿದ್ದ ಬಳಕೆಯ ವಿವರ ತೆಗೆದು ನೋಡಿದರೆ ಟೈಪ್ ಮಾಡೋದು, ಕ್ಯಾಲ್ಕುಲೇಟರ್, ಆಟ, ಸಂಗೀತ, ವಿಡಿಯೊ ತೆಗೆಯೋದು, ಇವೇ ಜಾಸ್ತಿ. ಶಿಕ್ಷಕರಿಗೆ 40 ಗಂಟೆಗಳ ತರಬೇತಿಯ ಏರ್ಪಾಡೂ ಇತ್ತು. ಇಲ್ಲದೇ ಇದ್ದದ್ದು ಏನು ಗೊತ್ತಾ? ಪಠ್ಯಕ್ರಮದ ಇಂಥ ಗುರಿಗೆ ಯಂತ್ರದಲ್ಲಿ ಇಂಥ ಚಟುವಟಿಕೆ ಮಾಡಿಸಿ ಅನ್ನುವ ಸ್ಪಷ್ಟ ಸೂಚನೆ. ಗಣಿತಕ್ಕೆ, ಭಾಷೆಗೆ ನೇರವಾಗಿ ಹೊಂದುವ ತಂತ್ರಾಂಶವೂ ಇರಲಿಲ್ಲ. ಭಿನ್ನರಾಶಿ ಪಾಠ ನಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ಟೀಚರ್ ಮುಂದೆ ಪುಸ್ತಕವಿದೆ, ಬೋರ್ಡಿದೆ, ಮೂವತ್ತು ಲ್ಯಾಪ್‌ಟಾಪ್‌ಗಳೂ ಇವೆ. ಪುಸ್ತಕದಲ್ಲಿ ಯಾವ ಪುಟ ಅಂತ ಅವರಿಗೆ ಗೊತ್ತು, ಲ್ಯಾಪ್‌ಟಾಪಿನಲ್ಲಿ ಏನು ತೆರೆಯಬೇಕು ಅಂತ ಯಾರೂ ಹೇಳಿಲ್ಲ. ಎರಡು ಯಂತ್ರ ಆನ್ ಆಗಲ್ಲ, ಒಂದರಲ್ಲಿ ಚಾರ್ಜ್ ಇಲ್ಲ, ಅಷ್ಟರಲ್ಲಿ ಹತ್ತು ನಿಮಿಷ ಹೋಯ್ತು. ಮುಂದಿನ ವಾರ ಅವರು ಸುಮ್ನೆ ಬೋರ್ಡಿನ ಮೇಲೇ ಪಾಠ ಮುಗಿಸುತ್ತಾರೆ. ಇದಕ್ಕೆ 'ಶಿಕ್ಷಕರ ವಿರೋಧ' ಅಂತ ಹೆಸರಿಡೋದು ನನಗೆ ಒಪ್ಪಿಗೆಯಿಲ್ಲ.

ಇಲ್ಲೇ ಟಿಪ್ಯಾಕ್ (TPACK) ಮಾದರಿ, ಅಂದರೆ ತಂತ್ರಜ್ಞಾನ ಬಳಸಿ ಕಲಿಸುವ ಶಿಕ್ಷಕರಿಗೆ ಯಾವ ತಿಳಿವಳಿಕೆ ಬೇಕು ಅಂತ ಹೇಳುವ ಚೌಕಟ್ಟು, ಉಪಯೋಗಕ್ಕೆ ಬರುತ್ತದೆ. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ್ದು. ಮೂರು ವೃತ್ತಗಳ ಚಿತ್ರ ಬಿಡಿಸಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಅದರ ತಿರುಳು ಇಷ್ಟೇ: ವಿಷಯ ಗೊತ್ತಿರೋದು, ಕಲಿಸೋದು ಗೊತ್ತಿರೋದು, ಯಂತ್ರ ಗೊತ್ತಿರೋದು ಬೇರೆಬೇರೆ. ಮೂರೂ ಸೇರುವ ಜಾಗದ ತಿಳಿವಳಿಕೆ ತಾನಾಗಿ ಬರಲ್ಲ. 1/3ಕ್ಕಿಂತ 1/4 ದೊಡ್ಡದು ಅಂತ ಮಕ್ಕಳು ಯಾಕೆ ಅಂದುಕೊಳ್ಳುತ್ತಾರೆ, ಪರದೆಯ ಮೇಲೆ ಪಟ್ಟಿಯನ್ನು ತಾವೇ ಕತ್ತರಿಸಿ ನೋಡಿದರೆ ಆ ಗೊಂದಲ ಹೇಗೆ ಬಿಡುತ್ತದೆ, ಇದು ಗೊತ್ತಿರುವ ಟೀಚರ್ ಬೇಕು. ಪ್ರೊಜೆಕ್ಟರ್ ಜೋಡಿಸೋದನ್ನು ಮಾತ್ರ ಕಲಿಸುವ ತರಬೇತಿಯಿಂದ ಅಂಥವರು ತಯಾರಾಗಲ್ಲ. ಪಾಠದಲ್ಲಿ ತಂತ್ರಜ್ಞಾನ ಎಷ್ಟರ ಮಟ್ಟಿಗೆ ಬದಲಾವಣೆ ತರುತ್ತದೆ ಅಂತ ಅಳೆಯುವ ಸಾಮರ್ (SAMR) ಮಾದರಿಯೂ ಪರೀಕ್ಷೆಗೆ ಬರುತ್ತದೆ, ಬದಲಿ ಬಳಕೆ, ವರ್ಧನೆ, ಮಾರ್ಪಾಡು, ಮರುವ್ಯಾಖ್ಯಾನ ಅಂತ ನಾಲ್ಕು ಮೆಟ್ಟಿಲು, ಅಷ್ಟು ಸಾಕು. ಎಲ್ಲ ಪಾಠವೂ ಮೇಲಿನ ಮೆಟ್ಟಿಲಿಗೇ ಹತ್ತಬೇಕು ಅಂತ ಮಾತ್ರ ಬರೆಯಬೇಡಿ.

ಈಗ ಉರುಗ್ವೆ. ಅಧ್ಯಕ್ಷ ತಬಾರೆ ವಾಸ್ಕೆಸ್ ಕಾಲದಲ್ಲಿ 2007ರಲ್ಲಿ ವಿಲ್ಲಾ ಕಾರ್ಡಾಲ್ ಅನ್ನೋ ಪುಟ್ಟ ಊರಿಂದ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವ 'ಪ್ಲಾನ್ ಸೆಯ್ಬಾಲ್' ಯೋಜನೆ ಶುರುವಾಯಿತು. 2009ಕ್ಕೆಲ್ಲ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಯಂತ್ರ ಸಿಕ್ಕಿತ್ತು. ಪೆರುವಿನಲ್ಲಿ ಹಂಚಿದ ಎಕ್ಸ್‌ಒ ಲ್ಯಾಪ್‌ಟಾಪೇ ಇಲ್ಲಿಯೂ. ಮೊದಲ ವರ್ಷಗಳ ಅಧ್ಯಯನದಲ್ಲಿ ಗಣಿತ, ಓದಿನ ಅಂಕ ಇಲ್ಲೂ ಏರಲಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಪ್ರಾಥಮಿಕ ಶಾಲೆಗಳಿಗೆ ಇಂಗ್ಲಿಷ್ ಶಿಕ್ಷಕರು ಸಾಕಷ್ಟು ಇರಲಿಲ್ಲ ಅಲ್ವಾ, ಅದಕ್ಕೆ 2012ರಲ್ಲಿ ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ ಹೊಸ ಪ್ರಯೋಗಕ್ಕೆ ಇಳಿದರು. ವಾರಕ್ಕೊಮ್ಮೆ ದೂರದ ಇಂಗ್ಲಿಷ್ ಶಿಕ್ಷಕರು ದೊಡ್ಡ ಪರದೆಯ ಮೇಲೆ ಬಂದು ಪಾಠ ಮಾಡುತ್ತಾರೆ. ಅದೇ ವಾರದ ಉಳಿದ ಎರಡು ತರಗತಿಗಳಲ್ಲಿ ಶಾಲೆಯ ಶಿಕ್ಷಕರೇ ಅದನ್ನು ಅಭ್ಯಾಸ ಮಾಡಿಸುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರದೇ ಇರಬಹುದು, ಮಕ್ಕಳ ಜೊತೆ ತಾವೂ ಕಲಿಯುತ್ತಾರೆ. ಕೈಗೆ ಸಿದ್ಧ ಪಾಠಯೋಜನೆ ಸಿಗುತ್ತದೆ, ದೂರದ ಶಿಕ್ಷಕರ ಜೊತೆ ಮಾತಾಡಿಕೊಂಡು ಮುಂದಿನ ವಾರ ಗೊತ್ತುಮಾಡುತ್ತಾರೆ. ನೋಡಿ, ಇಲ್ಲಿ ಮೊದಲು ಕೊರತೆ ಗುರುತಿಸಿದರು, ಆಮೇಲೆ ಅದಕ್ಕೆ ತಕ್ಕ ತಂತ್ರಜ್ಞಾನ. ಪೆರುವಿನಲ್ಲಿ ಯಂತ್ರ ಮೊದಲು ಬಂತು. ಈ ಅಧ್ಯಾಯದಲ್ಲಿ ಒಂದೇ ಉದಾಹರಣೆ ಬರೆಯಲು ಜಾಗವಿದ್ದರೆ ನಾನು ಇದನ್ನೇ ಬರೆಯುತ್ತೇನೆ.

ಎಸ್ಟೋನಿಯಾ ಬೇಗ ನೋಡಿ ಮುಗಿಸೋಣ. 1996ರಲ್ಲಿ ಅಧ್ಯಕ್ಷ ಲೆನ್ನಾರ್ಟ್ ಮೆರಿ 'ಹುಲಿ ಜಿಗಿತ' ಯೋಜನೆ ಘೋಷಿಸಿದರು. ಕಂಪ್ಯೂಟರ್, ಇಂಟರ್ನೆಟ್, ಶಿಕ್ಷಕರ ತರಬೇತಿ ಮೂರೂ ಜೊತೆಜೊತೆಗೆ ನಡೆದವು. 2002ರಲ್ಲಿ ಹಾಜರಿ, ಅಂಕ, ಹೋಂವರ್ಕ್ ಎಲ್ಲವನ್ನೂ ಪೋಷಕರೂ ನೋಡಬಹುದಾದ ಇ-ಕೂಲ್ ಅನ್ನೋ ಆನ್‌ಲೈನ್ ವ್ಯವಸ್ಥೆ ಬಂತು. ಪುಟ್ಟ ದೇಶ, ಹಾಗಾಗಿ ಇದನ್ನು ದೊಡ್ಡ ದೇಶಕ್ಕೆ ಹಾಗೇ ಅಂಟಿಸೋಕೆ ಆಗಲ್ಲ ಅಂತ ಒಂದು ಸಾಲು ಸೇರಿಸಿ.

ಸಮಾನತೆಯ ಪ್ರಶ್ನೆಗೆ ಒಂದೇ ಅಂಕಿ ಸಾಕು: 2020ರ ಕೊನೆಗೆ ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳಿದಂತೆ ಜಗತ್ತಿನ 3ರಿಂದ 17 ವರ್ಷದ ಮಕ್ಕಳಲ್ಲಿ ಮೂರನೇ ಎರಡರಷ್ಟು, ಅಂದರೆ 130 ಕೋಟಿ ಮಕ್ಕಳಿಗೆ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ.

ತಂತ್ರಾಂಶದಿಂದ ಅಂಕ ಏರಿದ್ದೇ ಇಲ್ವಾ ಅಂತ ಕೇಳಿದರೆ, ಏರಿದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಕಲಿಕಾ ತಂತ್ರಾಂಶ ಬಳಸಿದ ಮಕ್ಕಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹ ಏರಿಕೆ ಕಂಡಿತು. ಕಾರಣ ಹುಡುಕಿದರೆ, ಮಗು ಯಾವ ತರಗತಿಯ ರಿಜಿಸ್ಟರಿನಲ್ಲಿದೆ ಅಂತ ನೋಡದೆ ಅದಕ್ಕೆ ನಿಜವಾಗಿ ಏನು ಬರುತ್ತದೋ ಅಲ್ಲಿಂದ ತಂತ್ರಾಂಶ ಕಲಿಸುತ್ತಿತ್ತು. ಮಧ್ಯಮ ಶಾಲೆಯಲ್ಲಿದ್ದರೂ ಎಷ್ಟೋ ತರಗತಿ ಹಿಂದಿದ್ದ ಮಕ್ಕಳಿಗೆ ಇದು ಸಿಕ್ಕಿತು. ಆದರೆ ಇದು ಶಾಲೆಯ ಸಮಯದ ಆಚೆ, ಬೇರೆ ಕೇಂದ್ರಗಳಲ್ಲಿ ನಡೆದದ್ದು. ವೇಳಾಪಟ್ಟಿಯೊಳಗೆ ಬಂದರೆ ಇಷ್ಟೇ ಲಾಭ ಸಿಗುತ್ತದೆ ಅಂತ ಇದರಿಂದ ಹೇಳೋಕಾಗಲ್ಲ.

ಕೊನೆಗೆ ಇತ್ತೀಚಿನದು, ದಕ್ಷಿಣ ಕೊರಿಯಾ. ಇಂಟರ್ನೆಟ್ಟಿಗೂ ದುಡ್ಡಿಗೂ ಕೊರತೆಯಿಲ್ಲದ ದೇಶ. 2025ರ ಮಾರ್ಚ್‌ನಲ್ಲಿ ಗಣಿತ, ಇಂಗ್ಲಿಷ್, ಮಾಹಿತಿ ತಂತ್ರಜ್ಞಾನಕ್ಕೆ ಎಐ ಡಿಜಿಟಲ್ ಪಠ್ಯಪುಸ್ತಕ ತಂದರು. ಸಿದ್ಧತೆ ಸಾಲದು ಅಂತ ಶಿಕ್ಷಕರೂ, ಪರದೆ ನೋಡೋದು ಜಾಸ್ತಿಯಾಗುತ್ತದೆ ಅಂತ ಪೋಷಕರೂ ಮೊದಲಿನಿಂದಲೇ ಆಕ್ಷೇಪ ಎತ್ತಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಅದರ 'ಪಠ್ಯಪುಸ್ತಕ' ಸ್ಥಾನ ತೆಗೆದು, ಬೇಕಾದ ಶಾಲೆ ಬಳಸಬಹುದಾದ ಪೂರಕ ಸಾಮಗ್ರಿ ಅಂತ ಮಾಡಿತು. ಮೂಲಸೌಕರ್ಯವೊಂದಿದ್ದರೆ ಸಾಕಾ ಅನ್ನುವ ಪ್ರಶ್ನೆ ಬಂದರೆ ಪೆರುವಿನ ಪಕ್ಕ ಇದನ್ನು ಇಟ್ಟು ಬರೆಯಿರಿ. ಒಂದು ಬಡ ಹಳ್ಳಿಗಳ ಕಥೆ, ಇನ್ನೊಂದು ಶ್ರೀಮಂತ ದೇಶದ್ದು.