ನಾಯಿ-ಬೆಕ್ಕನ್ನ ಹಾಸಿಗೆ ಮೇಲೆ ಮಲಗಿಸ್ಕೋಬಹುದಾ?

ಪ್ರಶ್ನೆ: ನಮ್ಮನೇಲಿ ಒಂದು ಬೆಕ್ಕು, ಒಂದು ಇಂಡಿ, ಅಂದ್ರೆ ನಾಡತಳಿ ನಾಯಿ ಇದೆ. ಎರಡೂ ರಾತ್ರಿ ನಮ್ಮ ಹಾಸಿಗೆಗೇ ಬರ್ತವೆ. ಅಮ್ಮ "ಬೆಕ್ಕಿನ ಕೂದಲು ಹೊಟ್ಟೆಗೆ ಹೋದ್ರೆ ದಮ್ಮು ಬರುತ್ತೆ, ಆಚೆ ಹಾಕು" ಅಂತಾರೆ. ನಮ್ಮನೆಯವರು "ಏನೂ ಆಗಲ್ಲ, ಫಾರಿನ್ನಲ್ಲಿ ಎಲ್ರೂ ಮಲಗಿಸ್ಕೋತಾರೆ" ಅಂತಾರೆ. ಯಾರ ಮಾತು ಕೇಳ್ಬೇಕು?

ಉತ್ತರ: ಇಬ್ರೂ ಪೂರ್ತಿ ತಪ್ಪಲ್ಲ, ಪೂರ್ತಿ ಸರೀನೂ ಅಲ್ಲ. ಮೊದ್ಲು ನಿಮ್ಮನೆಯವರ ಮಾತು ನೋಡೋಣ. ಫಾರಿನ್ನಲ್ಲಿ ಮಲಗಿಸ್ಕೋತಾರೆ ನಿಜ, ಆದ್ರೆ ಅಲ್ಲಿ ಎಷ್ಟೋ ಮನೆ ಬೆಕ್ಕುಗಳು ಹೊಸ್ತಿಲೇ ದಾಟಿರಲ್ಲ, ನಾಯೀನ ಬೆಲ್ಟ್ ಹಾಕಿ ಒಂದು ಸುತ್ತು ವಾಕಿಂಗ್ ಕರ್ಕೊಂಡ್ಹೋಗಿ ಬಂದ್ರೆ ಅದರ ಹೊರಗಿನ ಪ್ರಪಂಚ ಮುಗೀತು. ನಮ್ಮ ಕಡೆ ಬೆಕ್ಕು ಅಂದ್ರೆ ಸಂಜೆ ಅನ್ನ ತಿಂದು ಹೊರಟು ಪಕ್ಕದ್ಮನೆ ತಾರಸಿ, ಮೋರಿ, ಕೊಟ್ಟಿಗೆ, ಸೌದೆ ಒಟ್ಟು ಎಲ್ಲಾ ಸುತ್ತಿ, ಒಂದು ಇಲೀನೋ ಹಲ್ಲೀನೋ ಹಿಡ್ದು, ಬೆಳಗಿನ ಜಾವ ಕಿಟಕಿಯಿಂದ ಒಳಗೆ ಬಂದು ಸೀದಾ ನಮ್ಮ ದಿಂಬಿನ ಮೇಲೆ ಮಲಗೋ ಪ್ರಾಣಿ. ಅದಕ್ಕೇ ಈ ಪ್ರಶ್ನೆ ಯಾರೇ ಕೇಳಿದ್ರೂ ನಾನು, ಹಾಸಿಗೆ ವಿಷಯ ಆಮೇಲೆ, ಅಲ್ಲಿಗೆ ಬರೋ ಮುಂಚೆ ಅದು ಎಲ್ಲಿತ್ತು ಮೊದ್ಲು ಹೇಳಿ ಅಂತೀನಿ. ಮುಕ್ಕಾಲು ಉತ್ತರ ಅಲ್ಲೇ ಸಿಕ್ಬಿಡುತ್ತೆ.

ಇನ್ನೊಂದು, ನಮ್ಮಲ್ಲಿ ಎಷ್ಟೋ ಮನೇಲಿ ಮಂಚಾನೇ ಇಲ್ಲ, ನೆಲದ ಮೇಲೆ ಚಾಪೆ ಹಾಸಿ ಮೇಲೊಂದು ಕೌದಿ ಹಾಕ್ಕೊಂಡು ಮಲಗ್ತಾರೆ, ಅಲ್ಲಿ ನಾಯಿಗೆ "ಕೆಳಗಿಳಿ" ಅನ್ನೋದಾದ್ರೂ ಹೇಗೆ. ಹಾಗಾಗಿ ಬಿಡ್ಬೇಕೋ ಬೇಡ್ವೋ ಅನ್ನೋ ಮಾತು ಎಷ್ಟೋ ಕಡೆ ಪುಸ್ತಕದ ಮಾತಷ್ಟೇ, ಪ್ರಾಣಿ ಆಗ್ಲೇ ಪಕ್ಕದಲ್ಲಿ ಬಂದು ಗೊರಕೆ ಹೊಡೀತಿರುತ್ತೆ.

ಈಗ ಅಮ್ಮನ ಮಾತು. ಕೂದಲು ಹೊಟ್ಟೆಗೆ ಹೋದ್ರೆ ದಮ್ಮು ಬರಲ್ಲ, ಹೊಟ್ಟೆಗೆ ಹೋಗಿದ್ದು ಹೋದ ಹಾಗೇ ಆಚೆ ಹೋಗುತ್ತೆ. ಆದ್ರೆ ಬೆಕ್ಕಿಗೂ ದಮ್ಮಿಗೂ ನಂಟಿದೆ ಅನ್ನೋದನ್ನ ಹಿರಿಯರು ಸರಿಯಾಗೇ ಗಮನಿಸಿದಾರೆ, ಕಾರಣ ಮಾತ್ರ ಬೇರೆ. ಬೆಕ್ಕಿನ ಎಂಜಲಲ್ಲಿ ಮತ್ತೆ ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಫೆಲ್ ಡಿ 1 ಅನ್ನೋ ಒಂದು ಪ್ರೋಟೀನ್ ಇರುತ್ತೆ. ಬೆಕ್ಕು ದಿನವಿಡೀ ಮೈ ನೆಕ್ಕೋದ್ರಿಂದ ಅದು ಕೂದಲಿಗೆಲ್ಲಾ ಹತ್ತಿ, ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಗಾಳೀಲಿ ಗಂಟೆಗಟ್ಟಲೆ ತೇಲ್ತಿರುತ್ತೆ, ಅದು ಹೋಗೋದು ಶ್ವಾಸಕೋಶಕ್ಕೆ. ಅಲರ್ಜಿ ಇರೋರಿಗೆ ಸೀನು, ಕಣ್ಣು ತುರಿಕೆ, ಉಬ್ಬಸ ಶುರುವಾಗೋದು ಇದರಿಂದ. ಗೋಡೆ, ಪರದೆ, ಬಟ್ಟೆಗೆಲ್ಲಾ ಅಂಟ್ಕೊಳ್ಳುತ್ತೆ, ಬೆಕ್ಕನ್ನ ಬೇರೆಯವರಿಗೆ ಕೊಟ್ಟ ಮೇಲೂ ತಿಂಗಳುಗಟ್ಟಲೆ ಮನೇಲಿ ಉಳಿಯುತ್ತೆ. ನಾಯೀಲೂ ಇಂಥದ್ದೇ ಬೇರೆ ಪ್ರೋಟೀನ್‌ಗಳಿವೆ. ಹಾಗಾಗಿ "ನಮ್ದು ಕೂದಲು ಕಮ್ಮಿ ಇರೋ ಮುಧೋಳ ನಾಯಿ, ಅಲರ್ಜಿ ಆಗಲ್ಲ" ಅನ್ನೋದು ಸುಳ್ಳು ಸಮಾಧಾನ. ಮನೇಲಿ ಯಾರಿಗಾದ್ರೂ ಅಸ್ತಮಾ ಇದ್ದು ಪ್ರಾಣಿ ಆಗಲ್ಲ ಅಂತ ಟೆಸ್ಟಲ್ಲಿ ಬಂದಿದ್ರೆ ಹಾಸಿಗೆ ಬಿಡಿ, ಅವರು ಮಲಗೋ ರೂಮಿಗೇ ಬರೋದು ಬೇಡ, ಯಾಕಂದ್ರೆ ದಿನದ ಏಳೆಂಟು ಗಂಟೆ ಉಸಿರಾಡೋ ಜಾಗ ಅದು. ಅಲರ್ಜಿನೇ ಇಲ್ಲದವರಿಗೆ ಪಕ್ಕದಲ್ಲಿ ಬೆಕ್ಕು ಮಲಗಿತು ಅಂತ ಹೊಸದಾಗಿ ಅಸ್ತಮಾ ಬಂದ್ಬಿಡುತ್ತೆ ಅಂತ ಹೆದರ್ಕೊಂಡು ಕೂರೋದೂ ಬೇಡ.

ನಮ್ಮ ಕಡೆ ನನಗೆ ನಿಜವಾಗ್ಲೂ ತಲೆನೋವು ಅನ್ಸೋದು ಉಣ್ಣೆ, ಮಲೆನಾಡಲ್ಲಿ ಉಣುಗು ಅಂತಾರಲ್ಲ ಅದು. ನಾಯಿಗೆ ಸಾಮಾನ್ಯವಾಗಿ ಹತ್ತೋ ಕಂದು ಉಣ್ಣೆ ಇದೆಯಲ್ಲ, ಅದಕ್ಕೆ ಕಾಡು-ಹುಲ್ಲು ಏನೂ ಬೇಕಿಲ್ಲ, ಮನೆ ಒಳಗೇ ಮೊಟ್ಟೆಯಿಂದ ಮರಿ, ಮರಿಯಿಂದ ದೊಡ್ಡದು ಅಂತ ಪೂರ್ತಿ ಸಂಸಾರ ಮಾಡುತ್ತೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಉದುರಿ ಗೋಡೆ ಸಂದಿ, ಮಂಚದ ಮೂಲೆ, ಬಾಗಿಲ ಚೌಕಟ್ಟಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ನಾಯಿಗೆ ಬರೀ ಸ್ನಾನ ಮಾಡಿಸಿ ಸುಮ್ನಾದ್ರೆ ಎರಡು ವಾರ ಬಿಟ್ಟು ಮತ್ತೆ ಅದೇ ಕಥೆ. ಇದು ನಾಯಿಗೆ ಎರ್ಲಿಕಿಯಾ, ಬೆಬೀಸಿಯಾ ಅನ್ನೋ ರಕ್ತದ ಸೋಂಕು ತರೋ ಉಣ್ಣೆ, ನಾಯಿ ಊಟ ಬಿಟ್ಟು ಜ್ವರ ಬಂದು ರಕ್ತ ಕಮ್ಮಿಯಾಗಿ ಮಲಗಿಬಿಡುತ್ತೆ. ಮನುಷ್ಯರನ್ನ ಕಚ್ಚೋದು ಕಮ್ಮಿ, ಆದ್ರೆ ಕಚ್ಚುತ್ತೆ, ಟಿಕ್ ಟೈಫಸ್ ಅನ್ನೋ ಜ್ವರ ಇದರಿಂದ ನಮಗೂ ಬರಬಹುದು. ಉಣ್ಣೆ ಕಂಡ್ರೆ ಬೆರಳಲ್ಲಿ ಹಿಸುಕೋದು, ಸೀಮೆಎಣ್ಣೆ ಹಾಕೋದು ಮಾಡ್ಬೇಡಿ, ಸಣ್ಣ ಚಿಮಟದಲ್ಲಿ ಚರ್ಮದ ಹತ್ರ ಹಿಡಿದು ನೇರ ಮೇಲಕ್ಕೆ ಎಳೀರಿ.

ಮಲೆನಾಡಿನವರಿಗೆ ಬೇರೆ ಮಾತು. ಮಂಗನ ಕಾಯಿಲೆ ಮೊದ್ಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಅದನ್ನ ಹರಡೋದು ಕಾಡಿನ ಉಣುಗು, ಮನೆ ನಾಯಿಯ ಕಂದು ಉಣ್ಣೆ ಅಲ್ಲ. ಆದ್ರೆ ತರಗೆಲೆ ಮೇಲೆಲ್ಲಾ ಓಡಾಡಿ ಬಂದ ನಾಯಿ ಮೈಗೆ ಕಾಡಿನ ಉಣುಗೂ ಹತ್ಕೊಂಡು ಬರಬಹುದು, ಅದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು ಬೇರೆ. ಕಾಯಿಲೆ ಸೀಸನ್ನಲ್ಲಿ, ಅಂದ್ರೆ ಡಿಸೆಂಬರಿಂದ ಮೇ ತನಕ, ಕಾಡಂಚಿಗೆ ಹೋಗಿ ಬರೋ ನಾಯೀನ ಹಾಸಿಗೆಗೆ ಬಿಡ್ಬೇಡಿ. ಇದ್ರಲ್ಲಿ ನನಗೆ ಎರಡು ಮಾತಿಲ್ಲ.

ಮಳೆಗಾಲದಲ್ಲಿ ಇಲಿ ಜ್ವರದ ಲೆಕ್ಕ ಬೇರೆ. ಇಲಿ ಉಚ್ಚೆ ಬೆರೆತ ನೀರು, ಕೆಸರಿಂದ ನಾಯಿಗೆ ಬರುತ್ತೆ, ನಾಯಿ ಉಚ್ಚೆಯಿಂದ ನಮಗೂ ಬರಬಹುದು. ಪೆಟ್ ಕ್ಲಿನಿಕ್ಕಲ್ಲಿ ಹಾಕೋ ಸೆವೆನ್ ಇನ್ ಒನ್ ಥರದ ಲಸಿಕೇಲಿ ಇದಕ್ಕೂ ಸೇರಿರುತ್ತೆ, ಯಾವುದಕ್ಕೂ ಒಂದ್ಸಲ ಡಾಕ್ಟ್ರನ್ನ ಕೇಳಿ ಖಾತ್ರಿ ಮಾಡ್ಕೊಳ್ಳಿ. ಇನ್ನೂ ಹಾಸಿಗೇಲೇ ಉಚ್ಚೆ ಹೊಯ್ಯೋ ಮರಿ ಆದ್ರಂತೂ ಅದು ಕಲಿಯೋ ತನಕ ಮೇಲೆ ಬರೋದು ಬೇಡ.

ಜಂತುಹುಳದ ವಿಷಯದಲ್ಲಿ ಜನ ಸ್ವಲ್ಪ ಜಾಸ್ತಿನೇ ಹೆದರ್ತಾರೆ. ನಾಯಿ ಹೇಲಲ್ಲಿರೋ ದುಂಡು ಹುಳದ ಮೊಟ್ಟೆ ಹೊರಗೆ ಬಿದ್ದ ತಕ್ಷಣ ಅಪಾಯ ಇಲ್ಲ, ಮಣ್ಣಲ್ಲಿ ಎರಡು ವಾರಾನೋ ಜಾಸ್ತಿನೋ ಇದ್ದು ಬಲಿತ ಮೇಲೆ ಬಾಯಿಗೆ ಹೋದ್ರೆ ಮಾತ್ರ. ಅಂದ್ರೆ ಹಾಸಿಗೆಗಿಂತ ಮಕ್ಕಳು ಆಡೋ ಮಣ್ಣಿಂದಾನೇ ಹೆಚ್ಚು ಭಯ. ಬೆಕ್ಕಿಂದ ಬರೋ ಟಾಕ್ಸೊಪ್ಲಾಸ್ಮಾ ಅನ್ನೋ ಪರೋಪಜೀವೀನೂ ಹಂಗೇ, ಬಸುರಿಗೆ ತಗುಲಿದ್ರೆ ಹೊಟ್ಟೇಲಿರೋ ಮಗುವಿಗೆ ತೊಂದ್ರೆ ಅನ್ನೋ ಭಯ ಅದು. ಮನೇಲಿ ಬಸುರಿ ಇದ್ರೆ ಬೆಕ್ಕನ್ನ ಊರಾಚೆ ಬಿಟ್ಟು ಬನ್ನಿ ಅನ್ನೋರಿದಾರೆ, ಅದು ಅನ್ಯಾಯ. ಆ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರುತ್ತೆ, ಬಂದ ಮೇಲೂ ಒಂದರಿಂದ ಐದು ದಿನ ಆದ್ರೆ ಮಾತ್ರ ಸೋಂಕು ತಗುಲಿಸೋ ಶಕ್ತಿ ಬರುತ್ತೆ. ಬೆಕ್ಕಿನ ಟ್ರೇನ ದಿನಾ ಬೇರೆ ಯಾರಾದ್ರೂ ಕ್ಲೀನ್ ಮಾಡ್ಲಿ, ಬಸುರಿ ತೋಟದ ಮಣ್ಣು ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ಲಿ, ಮಾಂಸ ಚೆನ್ನಾಗಿ ಬೇಯಿಸಿ ತಿನ್ಲಿ. ಕಾಲ ಹತ್ರ ಬೆಕ್ಕು ಮಲಗೋದು ಇದ್ರಲ್ಲಿ ದೊಡ್ಡ ವಿಷಯ ಅಲ್ಲ.

ಹುಳುಕಡ್ಡಿ ಮಾತ್ರ ಹಾಸಿಗೆ ಮೂಲಕ ಚೆನ್ನಾಗಿ ಹರಡುತ್ತೆ. ಬೀದಿಯಿಂದ ತಂದ ಬೆಕ್ಕಿನ ಮರಿಗೆ ಕಿವಿ ಹತ್ರ, ಮುಖದ ಮೇಲೆ ದುಂಡಗೆ ಕೂದಲು ಉದುರಿದ್ರೆ ಅದನ್ನ ಮುದ್ದಾಡೋ ಮುಂಚೆ ಡಾಕ್ಟ್ರಿಗೆ ತೋರಿಸಿ, ಇಲ್ಲಾಂದ್ರೆ ಮನೆಮಂದಿಗೆಲ್ಲಾ ಕೆರ್ಕೊಳ್ಳೋದೇ ಕೆಲ್ಸ. ಆಮೇಲೆ ರಾತ್ರಿ ಹೊದಿಕೆ ಒಳಗೆ ಕಾಲ್ಬೆರಳು ಅಲ್ಲಾಡಿದ ತಕ್ಷಣ ಬೆಕ್ಕು ನೆಗೆದು ಪರಚುತ್ತಲ್ಲ, ಅದನ್ನ ನಕ್ಕು ಬಿಟ್ಬಿಡ್ಬೇಡಿ. ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ, ಡಾಕ್ಟ್ರಿಗೆ ತೋರಿಸಿ. ಪರಚಿದ್ದು, ಕಚ್ಚಿದ್ದು, ಗಾಯ ಇರೋ ಕಡೆ ನೆಕ್ಕಿದ್ದು ಎಲ್ಲಾ ರೇಬೀಸ್ ಲೆಕ್ಕಕ್ಕೆ ಬರುತ್ತೆ, ಹೊರಗೆ ತಿರುಗೋ ಬೆಕ್ಕಿಗೆ ರೇಬೀಸ್ ಇಂಜೆಕ್ಷನ್ ಹಾಕಿಸದೇ ಹಾಸಿಗೇಲಿ ಮಲಗಿಸ್ಕೊಳ್ಳೋದು ನನ್ನ ಪ್ರಕಾರ ಧೈರ್ಯ ಅಲ್ಲ, ಉಡಾಫೆ.

ಸರಿ, ನಿದ್ದೆ? ಅಮೆರಿಕದ ಮೇಯೋ ಕ್ಲಿನಿಕ್‌ನವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, 40 ಜನ ಆರೋಗ್ಯವಂತ ವಯಸ್ಕರು, ಅವರ ನಾಯಿಗಳು, ಇಬ್ಬರ ಮೈಮೇಲೂ ಅಲುಗಾಟ ಅಳೆಯೋ ಯಂತ್ರ. ನಾಯಿ ರೂಮಲ್ಲಿ ಎಲ್ಲೋ ಮಲಗಿದ್ರೆ ಹಾಸಿಗೇಲಿದ್ದ ಹೊತ್ತಲ್ಲಿ ಸುಮಾರು 83% ನಿಜವಾಗಿ ನಿದ್ದೆ ಮಾಡಿದ್ರು, ನಾಯಿ ಹಾಸಿಗೆ ಮೇಲೇ ಇದ್ರೆ 80%. ಚಿಕ್ಕ ಗುಂಪು, ಚಿಕ್ಕ ವ್ಯತ್ಯಾಸ. ಆದ್ರೂ ನಂಗೆ ಇದು ಒಳ್ಳೆ ದಾರಿ ತೋರಿಸುತ್ತೆ ಅನ್ಸುತ್ತೆ, ನಾಯಿ ಜೊತೇಗಿರೋ ಸಮಾಧಾನ ಬೇಕಂದ್ರೆ ಮಂಚದ ಪಕ್ಕ ಅದಕ್ಕೊಂದು ಹಾಸಿಗೆ ಹಾಕಿದ್ರೂ ಸಾಕು. ನಾಯಿ ಮೈ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಮಡಿಕೇರಿ ಚಳೀಲಿ ಹಿತವಾಗಿರುತ್ತೆ, ರಾಯಚೂರಿನ ಏಪ್ರಿಲಲ್ಲಿ ಇಬ್ರಿಗೂ ಹಿಂಸೆ.

ನಾಯೀನ ಹಾಸಿಗೆ ಮೇಲೆ ಮಲಗಿಸಿದ್ರೆ ತಾನೇ ಯಜಮಾನ ಅನ್ಕೊಳ್ಳುತ್ತೆ ಅಂತ ಕೆಲವು ಟ್ರೈನರ್‌ಗಳು ಈಗ್ಲೂ ಹೆದರಿಸ್ತಾರೆ. ಈ ಆಲ್ಫಾ, ಅಂದ್ರೆ ಗುಂಪಿಗೊಬ್ಬ ಯಜಮಾನ ಅನ್ನೋ ಕಥೆ ಬಂದಿದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ಸಂಶೋಧಕರು ಕೂಡಿಹಾಕಿದ ತೋಳಗಳನ್ನ ನೋಡಿ ಬರೆದಿದ್ರಿಂದ, ಅದನ್ನ 1970ರಲ್ಲಿ ತಮ್ಮ ಪುಸ್ತಕದಿಂದ ಜನಪ್ರಿಯ ಮಾಡಿದ ತೋಳ ತಜ್ಞ ಡೇವಿಡ್ ಮೆಚ್ ಅವರೇ 1999ರಲ್ಲಿ, ಕಾಡಲ್ಲಿ ತೋಳದ ಗುಂಪು ಅಂದ್ರೆ ಅಪ್ಪ-ಅಮ್ಮ-ಮಕ್ಕಳ ಸಂಸಾರ, ಆ ಆಲ್ಫಾ ಲೆಕ್ಕ ಸರಿಯಲ್ಲ ಅಂತ ಬರೆದ್ರು. ನಾಯಿಗೆ ಹಾಸಿಗೆ ಮೆತ್ತಗಿದೆ, ನಿಮ್ಮ ವಾಸನೆ ಇದೆ, ಅಷ್ಟೇ. ಆದ್ರೆ ನೀವು ಪಕ್ಕಕ್ಕೆ ಸರಿಸಿದ್ರೆ ಗುರ್ ಅನ್ನೋ ನಾಯಿ, ನಿದ್ದೇಲಿ ಮುಟ್ಟಿದ್ರೆ ಬೆಚ್ಚಿ ಕಚ್ಚೋಕೆ ಬರೋ ನಾಯಿ, ಕಿವಿ ಕೇಳಿಸದ ವಯಸ್ಸಾದ ನಾಯಿ ಇಂಥವಕ್ಕೆ ಬೇರೆ ಜಾಗಾನೇ ಸರಿ. ಡ್ಯಾಷ್‌ಹೌಂಡ್ ಥರ ಉದ್ದ ಬೆನ್ನಿನವು ದಿನಾ ಮಂಚದಿಂದ ಹಾರಿದ್ರೆ ಬೆನ್ನಿಗೂ ಒಳ್ಳೇದಲ್ಲ.

ಯಾವ ಮನೇಲಿ ಖಂಡಿತ ಬೇಡ ಅಂದ್ರೆ, ಒಂದು ವರ್ಷದೊಳಗಿನ ಕೂಸು ಮಲಗೋ ಹಾಸಿಗೇಲಿ. ಬೆಕ್ಕು ಬೆಚ್ಚಗಿದೆ ಅಂತ ಮುಖದ ಹತ್ರ ಬಂದು ಮಲಗಿದ್ರೆ ಕೂಸಿಗೆ ತಳ್ಳೋಕಾಗಲ್ಲ. ತೊಟ್ಟಿಲಿಗೂ ಇದೇ ಮಾತು. ಕೀಮೋ ತಗೋತಿರೋರು, ಕಿಡ್ನಿ ಕಸಿ ಆದೋರು, ರೋಗನಿರೋಧಕ ಶಕ್ತಿ ಕುಗ್ಗಿಸೋ ಮಾತ್ರೆ ತಗೊಳ್ಳೋರು, ಮೈಮೇಲೆ ಹೊಲಿಗೆ-ಗಾಯ ಇರೋರು ಇವರಿಗೂ ಬೇಡ, ಆರೋಗ್ಯವಂತರಿಗೆ ಏನೂ ಮಾಡದ ಎಂಜಲಿನ ಬ್ಯಾಕ್ಟೀರಿಯಾ ಇವರಿಗೆ ರಕ್ತಕ್ಕೇ ಸೇರಬಹುದು.

ಇವು ಯಾವೂ ಇಲ್ಲ, ಮಲಗಿಸ್ಕೋತೀವಿ ಅಂದ್ರೆ ಮಲಗಿಸ್ಕೊಳ್ಳಿ. ರೇಬೀಸ್ ಇಂಜೆಕ್ಷನ್ ವರ್ಷಾ ವರ್ಷ, ಜಂತು ಔಷಧಿ ದೊಡ್ಡವಕ್ಕೆ ಮೂರು ತಿಂಗಳಿಗೊಮ್ಮೆ, ಉಣ್ಣೆ-ಚಿಗಟಕ್ಕೆ ಡಾಕ್ಟ್ರು ಹೇಳಿದ ಮಾತ್ರೆನೋ ಹನಿನೋ ಬಿಡದೇ ಹಾಕಿ. ಇಲ್ಲೊಂದು ಎಚ್ಚರ, ನಿಮ್ಮನೇಲಿ ಎರಡೂ ಇರೋದ್ರಿಂದ ಹೇಳ್ತಿದೀನಿ, ನಾಯಿಗೆ ತಂದ ಪರ್ಮೆತ್ರಿನ್ ಇರೋ ಔಷಧಿ ಬೆಕ್ಕಿಗೆ ವಿಷ, "ಉಳಿದಿದ್ಯಲ್ಲ" ಅಂತ ಒಂದು ಹನಿ ಬೆಕ್ಕಿಗೂ ಹಾಕೋಕೆ ಹೋಗ್ಬೇಡಿ. ಕೌದಿ, ರಗ್ಗು ಪದೇ ಪದೇ ಒಗೆಯೋಕಾಗಲ್ಲ, ಮೇಲೊಂದು ಹಳೇ ಕಾಟನ್ ಬೆಡ್‌ಶೀಟ್ ಹಾಸಿ ಅದನ್ನ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೀರಿ. ವಾಕಿಂಗಿಂದ ಬಂದ್ಮೇಲೆ ನಾಯಿ ಪಾದ ಒರೆಸಿ, ಕಿವಿ ಒಳಗೆ, ಬೆರಳ ಸಂದೀಲಿ ಕೈಯಾಡಿಸಿ ನೋಡಿ, ಉಣ್ಣೆ ಕೂರೋದೇ ಅಲ್ಲಿ.

ಅಭ್ಯಾಸ ಬಿಡಿಸ್ಬೇಕು ಅಂದ್ರೆ ನಾಯಿ ಸುಲಭ, ಮನೆಯವರೆಲ್ಲಾ ಒಂದೇ ಮಾತಿಗೆ ನಿಂತ್ರೆ ಸಾಕು, ಅಮ್ಮ ಇಳಿಸಿದ್ಮೇಲೆ ಮಗ ಕದ್ದು ಹತ್ತಿಸ್ಕೊಂಡ್ರೆ ಅದು ಯಾವತ್ತೂ ಕಲಿಯಲ್ಲ. ಬೆಕ್ಕು ಬೇರೆ ಜಾತಿ. ಅದು ಮುಸ್ಸಂಜೆ ಮತ್ತೆ ಬೆಳಗಿನ ಜಾವ ಚುರುಕಾಗಿರೋ ಪ್ರಾಣಿ, ಹಾಗಾಗಿ ನೀವು ಮಲಗೋ ಮುಂಚೆ ಹತ್ತು ನಿಮಿಷ ದಾರ ಆಡಿಸಿ ಓಡಿಸಿ, ಆಮೇಲೆ ಹೊಟ್ಟೆ ತುಂಬಾ ಊಟ ಹಾಕಿ, ಬೆಳಿಗ್ಗೆ ನಾಲ್ಕಕ್ಕೆ ಬಂದು ಮುಖಕ್ಕೆ ತಟ್ಟಿದ್ರೆ ಸತ್ತೋರ ಥರ ಬಿದ್ಕೊಂಡಿರಿ. ಒಂದಿನ ಎದ್ದು ಏನಾದ್ರೂ ಹಾಕಿದ್ರೋ, ಮಾರನೇ ದಿನ ಮೂರೂಮುಕ್ಕಾಲಿಗೇ ಎಬ್ಬಿಸುತ್ತೆ.