ಹೊಗಳಿದ್ದಕ್ಕೆ ಮಾರ್ಕು ಇಳಿಯಿತೇ?

ನಮ್ಮ ಕಾಸರಗೋಡು ಕಡೆಯ ಅಪ್ಪಂದಿರಿಗೆ ಮಕ್ಕಳನ್ನು ಬಾಯಿ ತುಂಬ ಹೊಗಳುವುದೆಂದರೆ ಒಂಥರಾ ಹೆದರಿಕೆ. ಹೊಗಳಿದರೆ ತಲೆ ತಿರುಗುತ್ತದೆ, ಓದು ಬಿಡುತ್ತಾರೆ ಅಂತ. ಮನೆಯ ಅಜ್ಜಿಯಂದಿರಿಗೆ ಬೇರೆ ಹೆದರಿಕೆ, ದೃಷ್ಟಿ ತಾಗುತ್ತದೆ ಅಂತ. ಇವರು ಸುಮ್ನೆ ಬಾಯಿಗೆ ಬಂದದ್ದು ಹೇಳುವವರಲ್ಲ. ಕೇಳಿದರೆ ಸಾಕ್ಷಿ ಸಮೇತ ಹೇಳುತ್ತಾರೆ.

ಬದಿಯಡ್ಕದ ಹತ್ತಿರ ನನ್ನ ಪರಿಚಯದವರೊಬ್ಬರು ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಲೆಕ್ಕ ಒಪ್ಪಿಸಿದರು. "ಓಣಂ ಪರೀಕ್ಷೆಯಲ್ಲಿ ಮಗಳಿಗೆ ಗಣಿತದಲ್ಲಿ 80ಕ್ಕೆ 76. ನೆಂಟರ ಎದುರೇ ಹೊಗಳಿದೆ. ಕ್ರಿಸ್ಮಸ್ ಪರೀಕ್ಷೆಯಲ್ಲಿ 63ಕ್ಕೆ ಬಂತು. ಸರಿಯಾಗಿ ಬೈದೆ. ಮುಂದಿನದ್ದರಲ್ಲಿ 70. ಈಗ ನೀವೇ ಹೇಳಿ ಮಾರಾಯ್ರೇ, ಕೆಲಸ ಮಾಡಿದ್ದು ಯಾವುದು?" ಒಳಗಿನಿಂದ ಅಜ್ಜಿಯ ತಿದ್ದುಪಡಿಯೂ ಬಂತು: ನೆಂಟರು ಹೋದ ಮೇಲೆ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಬೇಕಿತ್ತು.

ಇಬ್ಬರೂ ಕಂಡದ್ದು ನಿಜವೇ. ಹೇಳಿದ ಕಾರಣ ಮಾತ್ರ ಎರಡೂ ತಪ್ಪು. ಇದರ ಹಿಂದಿರುವುದು ಸಂಖ್ಯಾಶಾಸ್ತ್ರದ ಒಂದು ಚಂದದ ಕಣ್ಕಟ್ಟು. ಹೆಸರು, ಸರಾಸರಿಗೆ ಮರಳುವಿಕೆ. ಅಂದರೆ ಒಮ್ಮೆ ತೀರಾ ಹೆಚ್ಚೋ ತೀರಾ ಕಡಿಮೆಯೋ ಬಂದದ್ದು ಮುಂದಿನ ಸಲ ಸಾಮಾನ್ಯವಾಗಿ ಸರಾಸರಿಯ ಹತ್ತಿರಕ್ಕೆ ಬರುವುದು.

ತಮಾಷೆ ಎಂದರೆ ಮನುಷ್ಯರಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದೇ ಅಪ್ಪ ಅಮ್ಮ ಮತ್ತು ಮಕ್ಕಳನ್ನು ಹೋಲಿಸುವಾಗ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರದ ಲೆಕ್ಕ ಇಟ್ಟು 1886ರಲ್ಲಿ ಪ್ರಕಟಿಸಿದ. ತುಂಬ ಎತ್ತರದವರ ಮಕ್ಕಳೂ ಎತ್ತರವೇ, ಆದರೆ ಒಟ್ಟಾರೆ ನೋಡಿದರೆ ಹೆತ್ತವರಷ್ಟಲ್ಲ. ತುಂಬ ಗಿಡ್ಡ ಇದ್ದವರ ಮಕ್ಕಳು ಅವರಿಗಿಂತ ಸ್ವಲ್ಪ ಎತ್ತರ. ಅದಕ್ಕೂ ಮೊದಲು ಆತ ಬಟಾಣಿ ಜಾತಿಯ ಗಿಡದ ಬೀಜಗಳಲ್ಲಿ ಇದನ್ನೇ ಕಂಡಿದ್ದ. ಇದೇ ಗಾಲ್ಟನ್ ಮನುಷ್ಯರಲ್ಲೂ 'ಒಳ್ಳೆ ತಳಿ' ಬೆಳೆಸಬೇಕೆಂಬ ಕೆಟ್ಟ ವಾದಕ್ಕೆ ಹೆಸರಿಟ್ಟವನು. ಆ ಕಥೆ ಇನ್ನೊಮ್ಮೆ.

ಮಾರ್ಕಿಗೆ ಬರೋಣ. ಅದರಲ್ಲಿ ಕಲಿತದ್ದರ ಪಾಲು ಇದೆ, ಅದೃಷ್ಟದ ಪಾಲೂ ಇದೆ. ಓದಿದ ಪಾಠದ್ದೇ ಪ್ರಶ್ನೆ ಬಂತೇ, ಹಿಂದಿನ ರಾತ್ರಿ ನಿದ್ದೆ ಬಂತೇ, ಶೀತ ಇತ್ತೇ, ಎಲ್ಲ ಸೇರುತ್ತದೆ. 76 ಬಂದ ದಿನ ಎರಡೂ ಕೂಡಿ ಬಂದಿದ್ದವು. ಮುಂದಿನ ಸಲ ಕಲಿತದ್ದು ಜೊತೆಗೇ ಇರುತ್ತದೆ, ಅದೃಷ್ಟಕ್ಕೆ ಗ್ಯಾರಂಟಿ ಇಲ್ಲ. ಹೊಗಳಲಿ ಬಿಡಲಿ, ಇಳಿಯುವ ಸಾಧ್ಯತೆಯೇ ಜಾಸ್ತಿ.

ನಂಬಿಕೆ ಬರದಿದ್ದರೆ ಮಕ್ಕಳ ಲೂಡೋ ಪೆಟ್ಟಿಗೆಯಿಂದ ಎರಡು ದಾಳ ತೆಗೆಯಿರಿ. ಒಟ್ಟಿಗೆ ಎಸೆದು ಕೂಡಿಸಿ. 11 ಬಂದರೆ "ಭೇಷ್" ಎಂದು ಬೆನ್ನು ತಟ್ಟಿ, 3 ಬಂದರೆ ಚೆನ್ನಾಗಿ ಬೈಯಿರಿ. ಎರಡು ದಾಳ ಬೀಳುವ ರೀತಿ ಒಟ್ಟು 36. ಅದರಲ್ಲಿ 11 ಅಥವಾ 12 ಬರುವುದು ಬರೀ 3 ರೀತಿಯಲ್ಲಿ. ಅಂದರೆ ಹೊಗಳಿದ ಮೇಲಿನ ಎಸೆತ 36ರಲ್ಲಿ 33 ಪಾಲು ಕೆಳಗೇ ಇಳಿಯುತ್ತದೆ. 3ಕ್ಕೆ ಬೈದ ಮೇಲೂ ಅದೇ ಲೆಕ್ಕ ತಿರುಗುಮುರುಗು, 36ರಲ್ಲಿ 33 ಪಾಲು ಮೇಲೇರುತ್ತದೆ. ಒಂದು ಸಂಜೆ ಹೀಗೆ ಆಡಿದರೆ ದಾಳಕ್ಕೂ ಬೈಗುಳವೇ ಮದ್ದು ಎಂದು ನೀವು ಪ್ರಮಾಣ ಮಾಡಿಯೀರಿ!

ಈ ಮೋಸಕ್ಕೆ ಅನುಭವಸ್ಥರೂ ಬಿದ್ದಿದ್ದಾರೆ. ಇಸ್ರೇಲಿನ ವಾಯುಪಡೆಯ ಒಬ್ಬ ತರಬೇತುದಾರ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಎದುರು ಇದೇ ವಾದ ಹೂಡಿದ್ದ: ಹೊಗಳಿದ ಪೈಲಟ್ ಮುಂದಿನ ಸಲ ಕೆಡಿಸುತ್ತಾನೆ, ಬೈಸಿಕೊಂಡವನು ಸುಧಾರಿಸುತ್ತಾನೆ. ಕಾನೆಮನ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದಕ್ಕೆ ಬೆನ್ನು ಮಾಡಿ ಎರಡೆರಡು ನಾಣ್ಯ ಎಸೆಯಲು ಎಲ್ಲರಿಗೂ ಹೇಳಿದರು. ಮೊದಲ ಎಸೆತ ಚೆನ್ನಾಗಿದ್ದವರಲ್ಲಿ ಹೆಚ್ಚಿನವರದ್ದು ಎರಡನೆಯದು ಹದಗೆಟ್ಟಿತು, ಕೆಟ್ಟದಾಗಿದ್ದವರದ್ದು ಸುಧಾರಿಸಿತು. ಯಾರೂ ಯಾರನ್ನೂ ಬೈದಿರಲಿಲ್ಲ. 2002ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ದೃಷ್ಟಿಯದ್ದೂ ಇದೇ ಹಾದಿ. ಮಗು ಲವಲವಿಕೆಯಿಂದ ಕುಣಿಯುವ ದಿನವೇ ಅಲ್ವಾ ನೆಂಟರು "ಎಷ್ಟು ಮುದ್ದಾಗಿದೆ" ಅನ್ನುವುದು? ಅದಕ್ಕಿಂತ ಮೇಲೆ ಹೋಗಲು ಜಾಗವೆಲ್ಲಿ? ಮರುದಿನ ಮೂಗು ಸೋರಿದರೆ ನೆಂಟರ ಕಣ್ಣು ನೆನಪಾಗುತ್ತದೆ. ಇನ್ನು ನಿವಾಳಿಸುವುದು ಜ್ವರ ಏರಿದಾಗ. ಸಾಮಾನ್ಯ ಜ್ವರವಾದರೆ ಅದು ಹೇಗೂ ಇಳಿಯುತ್ತದೆ, ಹೆಸರು ಉಪ್ಪು ಮೆಣಸಿಗೆ. ಡೆಂಗಿ ಸುತ್ತುವ ಮಳೆಗಾಲದಲ್ಲಿ ಇದನ್ನೇ ನಂಬಿ ಡಾಕ್ಟರ ಹತ್ತಿರ ಹೋಗಲು ತಡ ಮಾಡುವವರನ್ನು ಕಂಡರೆ ಮಾತ್ರ ನನಗೆ ನಗು ಬರುವುದಿಲ್ಲ.

ಹಾಗಾದರೆ ಹೊಗಳಿಕೆಯಿಂದ ನಿಜಕ್ಕೂ ಏನಾಗುತ್ತದೆ? ಒಂದೇ ಮಗುವಿನ ಎರಡು ಪರೀಕ್ಷೆ ನೋಡಿದರೆ ಗೊತ್ತಾಗದು, ಮಕ್ಕಳ ಗುಂಪುಗಳನ್ನು ಹೋಲಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಹರ್ಲಾಕ್ 1925ರಲ್ಲೇ ಇದನ್ನು ಮಾಡಿದರು. ಮಕ್ಕಳಿಗೆ ದಿನಾ ಕೂಡಿಸುವ ಲೆಕ್ಕ ಕೊಟ್ಟು, ಕೆಲವರನ್ನು ಹೆಸರು ಹಿಡಿದು ಹೊಗಳಿದರು, ಕೆಲವರನ್ನು ಬೈದರು, ಕೆಲವರ ಹೆಸರನ್ನೇ ಎತ್ತಲಿಲ್ಲ. ಬೈಸಿಕೊಂಡವರು ಮೊದಲು ಚುರುಕಾದರು, ಆಮೇಲೆ ಕುಸಿದರು. ಹೊಗಳಿಸಿಕೊಂಡವರು ಏರುತ್ತಲೇ ಹೋದರು. ಕಡೆಗಣಿಸಿದ ಮಕ್ಕಳು ಬೈಸಿಕೊಂಡವರಷ್ಟೂ ಸುಧಾರಿಸಲಿಲ್ಲ. ಗಲ್ಫಿನಿಂದ ಫೋನ್ ಮಾಡಿ ಮಾರ್ಕು ಮಾತ್ರ ಕೇಳಿ "ಅಮ್ಮನಿಗೆ ಕೊಡು" ಅನ್ನುವ ಅಪ್ಪಂದಿರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬಹುದು.

ಏನನ್ನು ಹೊಗಳುತ್ತೇವೆ ಎಂಬುದೂ ಮುಖ್ಯ. ಅಲ್ಲಿನದೇ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಮೊದಲು ಸುಲಭದ ಒಗಟು ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀ" ಎಂದರು. ಆಮೇಲೆ ಕಷ್ಟದ ಒಗಟು ಕೊಟ್ಟು ಸೋಲಿಸಿದರು. ಪುನಃ ಸುಲಭದ್ದು ಕೊಟ್ಟಾಗ ಶ್ರಮದ ಮಾತು ಕೇಳಿದವರು ಮೊದಲಿಗಿಂತ ಚೆನ್ನಾಗಿ ಮಾಡಿದರು. 'ಬುದ್ಧಿವಂತ'ರು ಮೊದಲಿಗಿಂತ ಹಿಂದೆ ಬಿದ್ದರು. ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಿ ಎಂದರೆ ಅವರಲ್ಲಿ 10ಕ್ಕೆ ಸುಮಾರು 4 ಮಂದಿ ಸುಳ್ಳು ಬರೆದರು. ಫುಲ್ ಎ ಪ್ಲಸ್ ಬಂದ ಮಕ್ಕಳ ಫೋಟೋ ಹಾಕಿ ಪೇಟೆ ತುಂಬ ಫ್ಲೆಕ್ಸ್ ಕಟ್ಟುವ ನಮ್ಮೂರಿಗೆ ಈ ಪ್ರಯೋಗವನ್ನು ಯಾರಾದರೂ ಓದಿ ಹೇಳಬೇಕು.

ಚಿಕ್ಕ ಮಕ್ಕಳ ಮನೆಗಳಲ್ಲಿ ವೀಡಿಯೊ ಮಾಡಿ ನಡೆಸಿದ ಇನ್ನೊಂದು ಅಮೆರಿಕನ್ ಅಧ್ಯಯನ 2013ರಲ್ಲಿ ಬಂತು. 53 ಮಕ್ಕಳು, ಒಂದರಿಂದ ಮೂರು ವರ್ಷದೊಳಗಿನವರು. ಗಂಡಿಗೂ ಹೆಣ್ಣಿಗೂ ಸಿಕ್ಕ ಒಟ್ಟು ಹೊಗಳಿಕೆ ಹೆಚ್ಚುಕಡಿಮೆ ಒಂದೇ. ಆದರೆ ಮಾಡಿದ ಕೆಲಸವನ್ನು, ಪಟ್ಟ ಪ್ರಯತ್ನವನ್ನು ಮೆಚ್ಚುವ ಮಾತು ಗಂಡುಮಕ್ಕಳು ಕೇಳಿದ ಹೊಗಳಿಕೆಯಲ್ಲಿ ಸುಮಾರು ಕಾಲು ಪಾಲು, ಹೆಣ್ಣುಮಕ್ಕಳಿಗೆ ಬರೀ ಹತ್ತರಲ್ಲೊಂದು ಪಾಲು. ಅಂಥ ಮಾತು ಜಾಸ್ತಿ ಕೇಳಿ ಬೆಳೆದವರು ಐದು ವರ್ಷದ ನಂತರ ಕಷ್ಟದ ಕೆಲಸಕ್ಕೆ ಹೆಚ್ಚು ಉತ್ಸಾಹದಿಂದ ಕೈ ಹಾಕುವವರಾಗಿದ್ದರು.